ಪಾಟೀಲರ ವಾಡೆಯಲ್ಲಿ ಒಂದು ಫೋಟೋ

ಮೇಘಾಳ ಮದುವೆಯ ಬಸ್ತಾ ಮಧ್ಯಾಹ್ನದೊಳಗೇ ಮುಗಿದುಹೋದದ್ದು ನೇಮಿನಾಥನಿಗೆ ಆ ದಿನ ಆದ ಮೊದಲ ಮೋಸ. ಮದುವೆಯ ಜವಳಿ ಕೊಳ್ಳಲು ಎರಡು ಮನೆಯವರು ಕೂಡಿ ಕೊಲ್ಹಾಪುರಕ್ಕೆ ಬಂದರೆ ಅಂಗಡಿಯ ಗಾದಿಯ ಮೇಲೆಯೇ ಹೊತ್ತು ಇಳಿಯಬೇಕು. ಯಾರಾದರೊಬ್ಬ ಅತ್ತೆಗೆ ಸಿಟ್ಟು ಬರಬೇಕು, ಆ ಸಿಟ್ಟನ್ನು ಲಸ್ಸಿ ತರಿಸಿ ಇಳಿಸಬೇಕು, ಕಡೆಗೆ ಜೈನರಾದವರು ಹೊತ್ತು ಮುಳುಗುವ ಮೊದಲು ಉಣ್ಣಬೇಕಲ್ಲ ಎಂದು ಎಲ್ಲರೂ ಗಡಿಬಿಡಿಯಿಂದ ಎದ್ದು ಗಂಟು ಕಟ್ಟಿಸಬೇಕು. ಅವನು ಕಂಡ ಬಸ್ತಾಗಳೆಲ್ಲ ಹೀಗೇ ನಡೆದಿದ್ದವು. ಅದನ್ನೇ ನಂಬಿ ಬೆಳಿಗ್ಗೆ ಉಗಾರದ ತನ್ನ ಪೇಂಟಿನ ಅಂಗಡಿಯನ್ನು ಆಳು ಬಾಬುಸಾಬನ ಕೈಗೆ ಬಿಟ್ಟು, ಹೆಂಡತಿ ಸರಿತಾಳನ್ನೂ ಮಗಳು ಮೇಘಾಳನ್ನೂ ಖಲೀಲನ ಬಾಡಿಗೆ ಗಾಡಿಯಲ್ಲಿ ಕೂರಿಸಿಕೊಂಡು, ಕಾಗವಾಡದ ಮೇಲಿನ ಹತ್ತಿರದ ದಾರಿ ಬಿಟ್ಟು, ಹೊಳೆ ದಾಟಿ ಚಿಕ್ಕೋಡಿ ಹಿಡಿದು, ನಿಪ್ಪಾಣಿಯಲ್ಲಿ ಬೀಗರನ್ನು ಹತ್ತಿಸಿಕೊಂಡು ಬಂದಿದ್ದ. ಬೀಗರಿಗೆ ಮರ್ಯಾದೆಯೂ ಆಯಿತು, ದಾರಿ ಉದ್ದವಾದಷ್ಟೂ ದಿನ ಗಿಡ್ಡವೂ ಆಯಿತು ಎಂಬುದು ಅವನ ಎಣಿಕೆ. ಆದರೆ ಬೀಗರು ಇಷ್ಟೊಂದು ಸಜ್ಜನರಿರಬಹುದೆಂದು ಅವನು ಎಣಿಸಿರಲಿಲ್ಲ. ವರನ ತಂದೆ ಕಾಕಾಸಾಹೇಬರು ಮುಟ್ಟಿದ ಸೀರೆಗೆಲ್ಲ ಸರಿತಾ ಛಲೋ ಐತ್ರಿ ಅಂದಳು. ಸರಿತಾ ಮುಟ್ಟಿದ್ದಕ್ಕೆಲ್ಲ ಕಾಕಾಸಾಹೇಬರ ತಾಯಿ ಲಕ್ಷ್ಮಿಬಾಯಿ ಛಲೋ ಐತಿ ತಗೋರಿ ಅಂದರು. ಜಗಳವಾಡದ ಗಿರಾಕಿಗಳನ್ನು ಎಂದೂ ಕಂಡಿರದ ಅಂಗಡಿಯವನು ಎಲ್ಲೋ ಏನೋ ತಪ್ಪಿದೆ ಎಂಬ ಅನುಮಾನದಲ್ಲೇ ಗಂಟು ಕಟ್ಟಿದ.

"ಇನ್ನ ಭಾಳ ಹೊತ್ತ ಐತಿ," ಎಂದು ಕಾಕಾಸಾಹೇಬರು ಅಂಗಡಿಯ ಮೆಟ್ಟಿಲಲ್ಲಿ ಕೈಗಡಿಯಾರ ನೋಡಿ ಹೇಳಿದರು. "ಹೋಗೂಣೇನ್ರಿ ಬೀಗರ, ನಿಮ್ಮನ್ನ ನೋಡಾಕ?"

ನಿಮ್ಮನ್ನ ನೋಡಾಕ ಅಂದರೆ, ಊರ ಹೊರಗಿನ ಹಳೇ ನೂಲಿನ ಗಿರಣಿಯ ಶೆಡ್ಡಿನಲ್ಲಿ ಮಾಡಿರುವ ಹಳ್ಳಿಬಾಳಿನ ಮ್ಯೂಸಿಯಂನೊಳಗೆ, ಊರಗೌಡ ಪಾಟೀಲನಾಗಿ ತನ್ನ ದೊಡ್ಡಮನೆಯ, ಅಂದರೆ ವಾಡೆಯ, ಕಟ್ಟೆಯ ಮೇಲೆ ಕೂತಿರುವ ಸಿಮೆಂಟಿನ ನೇಮಿನಾಥನನ್ನು ನೋಡಲು. ಮದುವೆಯ ಮಾತುಕತೆಗೆ ಬೀಗರು ಉಗಾರಕ್ಕೆ ಬಂದ ದಿನ ಉಪ್ಪಿಟ್ಟು ಮುಗಿದು ಚಹಾ ಬರುವ ನಡುವಿನ ಮೌನದಲ್ಲಿ ಅವನೇ ಅದನ್ನು ಹೇಳಿದ್ದ. ಹೇಳುವ ಅಗತ್ಯವಿರಲಿಲ್ಲ. ಆ ಮೌನವನ್ನು ಇನ್ನೊಂದು ಗುಟುಕು ತಡೆದುಕೊಂಡಿದ್ದರೆ ಚಹಾ ಬರುತ್ತಿತ್ತು. ಆದರೆ ಕಾಕಾಸಾಹೇಬರು ಗೋಡೆಯ ಮೇಲಿನ ಪೇಂಟ್ ಕಂಪನಿಯ ಕ್ಯಾಲೆಂಡರನ್ನೇ ಎರಡನೆಯ ಸಲ ಓದತೊಡಗಿದ್ದರು. ಆ ಮನೆಯಲ್ಲಿ ನೋಡತಕ್ಕದ್ದು ಮತ್ತೇನೂ ಇಲ್ಲವೆಂಬ ಸಂಗತಿ ನೇಮಿನಾಥನ ಎದೆಗೆ ಚುಚ್ಚಿತು, ಬಾಯಿ ತಾನಾಗಿ ತೆರೆಯಿತು. ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಮ್ಯೂಸಿಯಂಗೆ ಅವನು ಮುಖದ ಅಚ್ಚು ಕೊಟ್ಟದ್ದು ನಿಜ. ಪಾಟೀಲ ಎಂಬ ಶಬ್ದ ಆ ಹೊತ್ತಿನಲ್ಲಿ ಬಂದದ್ದೂ ನಿಜ. ತನ್ನನ್ನು ಅಲ್ಲಿ ಏನು ಮಾಡಿ ನಿಲ್ಲಿಸಿದ್ದಾರೆ ಎಂಬುದನ್ನು ಮಾತ್ರ ಅವನು ಇದುವರೆಗೆ ಹೋಗಿ ನೋಡಿರಲಿಲ್ಲ. ಅಂಗಡಿಯ ಗಿರಾಕಿ, ಮಂಗಸೂಳಿಯ ಮಾಳೇಶ ಒಬ್ಬನೇ ನೋಡಿ ಬಂದವನು. ಬಂದವನೇ ಅಂಗಡಿಯ ಮುಂದೆ ನಿಂತು "ಎಲ್ಲಾ ಛಲೋ ಬಂದೈತ್ರಿ ಸಾವ್ಕಾರ್ರ" ಅಂದು, ಟಾವೆಲ್ಲಿನಿಂದ ಬಾಯಿ ಮುಚ್ಚಿಕೊಂಡು, ಬೇಕಾದ ಬಣ್ಣವನ್ನೂ ಕೊಳ್ಳದೆ ಹೋಗಿಬಿಟ್ಟಿದ್ದ. ಆ ಟಾವೆಲ್ಲಿನ ಹಿಂದೆ ಏನಿತ್ತು ಎಂಬುದು ವರ್ಷಗಟ್ಟಲೆ ನೇಮಿನಾಥನನ್ನು ಕೊಲ್ಹಾಪುರದಿಂದ ದೂರ ಇಟ್ಟಿತ್ತು. ಈಗ ದೂರ ಉಳಿಯುವಂತಿಲ್ಲ. ಮೇಘಾ ಎಂ.ಎಸ್ಸಿ. ಮಾಡಿದ್ದು, ಅವಳ ಕೈಯ ಹೂರಣದ ಹೋಳಿಗೆ ಹರಿಯುವುದಿಲ್ಲವೆಂಬುದು, ತಮ್ಮ ಮನೆಯಲ್ಲಿ ಯಾರೂ ಯಾರಿಗೂ ಎತ್ತರದ ದನಿಯಲ್ಲಿ ಮಾತಾಡುವುದಿಲ್ಲವೆಂಬುದು, ಇವೆಲ್ಲವನ್ನೂ ಅವನು ಅದೇ ಬಾಯಿಂದ, ಅದೇ ಸಂಜೆ ಹೇಳಿದ್ದ. ಎಲ್ಲವೂ ನಿಜ. ಆದರೆ ಒಂದು ಸುಳ್ಳಿನ ಪಕ್ಕದಲ್ಲಿ ನಿಂತ ನಿಜಗಳಿಗೆ ಸಾಕ್ಷಿ ಹೇಳುವವರು ಯಾರು? ಪಾಟೀಲ ಬಿದ್ದರೆ ಹೋಳಿಗೆಯೂ ಬೀಳುತ್ತದೆ.

"ಮೊದ್ಲ ಚಿತ್ರದ ಮ್ಯೂಸಿಯಂ ನೋಡೂಣ್ರಿ," ಅಂದ. "ಹಾದಿಮ್ಯಾಗ ಐತಿ. ಭಾಳ ಹಳೀದು."

ಅದು ಹಾದಿಯ ಮೇಲೇನೂ ಇರಲಿಲ್ಲ. ಖಲೀಲ ಕನ್ನಡಿಯಲ್ಲಿ ಅವನ ಮುಖ ನೋಡಿ, ಏನೂ ಕೇಳದೆ ಗಾಡಿಯನ್ನು ಎದುರು ದಿಕ್ಕಿಗೆ ತಿರುಗಿಸಿದ.

ಚಿತ್ರದ ಮ್ಯೂಸಿಯಂ ಯಾವುದೋ ಸರದಾರನ ಬಂಗಲೆ. ನೆಲಕ್ಕೆ ನುಣುಪಾದ ಕಲ್ಲು ಹಾಸಿದ್ದನ್ನು ಕಂಡದ್ದೇ ಲಕ್ಷ್ಮಿಬಾಯಿ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಹಿರಿಯರು ಬಿಟ್ಟ ಮೇಲೆ ಉಳಿದವರೂ ಬಿಟ್ಟರು. ಪಹರೆಯವನು ಮರಾಠಿಯಲ್ಲಿ ಬೇಡ ಬೇಡ ಅಂದಷ್ಟೂ ಇವರು ಅದನ್ನು ಅವನ ಸಂಸ್ಕಾರವೆಂದು ತಿಳಿದು ಇನ್ನಷ್ಟು ಮೆತ್ತಗೆ ಒಳಗೆ ಹೋದರು. ಕಾಕಾಸಾಹೇಬರು ಕೈ ಹಿಂದೆ ಕಟ್ಟಿಕೊಂಡು ಪ್ರತಿಯೊಂದು ಚಿತ್ರದ ಮುಂದೆಯೂ ಸಮನಾಗಿ ನಿಂತರು, ಯಾವ ಚಿತ್ರಕ್ಕೂ ಅನ್ಯಾಯವಾಗಬಾರದು ಎಂಬಂತೆ. ಲಕ್ಷ್ಮಿಬಾಯಿ ಮಾತ್ರ ಆಳೆತ್ತರದ ಎಣ್ಣೆಬಣ್ಣದ ರಾಣಿಯರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿಕೊಳ್ಳುತ್ತಿದ್ದರು.

"ಈಕಿ ಯಾರ ಮನಿಯಾಕಿ?"

"ಗೊತ್ತಿಲ್ಲಾಯೀ, ಬರದಿಲ್ಲ," ಎಂದು ಮೇಘಾ ಹೇಳಿದಳು.

"ಬರೀದಿದ್ರೇನ? ಮಾರಿ ಹೇಳ್ತೈತಿ. ಗಂಡ ಮಾತ ಕೇಳಾಂವ. ಆ ಕಡೀಯಾಕಿಗೆ ಪಾಪ, ಅತ್ತಿ ಇನ್ನೂ ಸತ್ತಿಲ್ಲ."

ಮೇಘಾ ನಕ್ಕಳು. ನೇಮಿನಾಥನಿಗೆ ಮಾತ್ರ ನಗು ಬರಲಿಲ್ಲ. ಮುಖ ನೋಡಿಯೇ ಗಂಡನನ್ನೂ ಅತ್ತೆಯನ್ನೂ ಹೇಳುವ ಮುದುಕಿಯ ಈ ಕಣ್ಣು ಸಿಮೆಂಟಿನ ಪಾಟೀಲನ ಮುಂದೆ ನಿಂತರೆ ಏನೇನು ಹೇಳೀತು? ಅವನು ಒಂದು ಚಿತ್ರದ ಎದುರು ನಿಂತ. ಗಾಜಿನ ಹಿಂದೆ ಯಾವನೋ ದಿವಾನ. ಗಾಜಿನ ಮೇಲೆ ಕಿಟಕಿಯ ಬೆಳಕಿಗೆ ನೇಮಿನಾಥನದೇ ಬಿಂಬ. ಸ್ವಲ್ಪ ಸರಿದರೆ ದಿವಾನನ ಪೇಟ ತನ್ನ ತಲೆಗೆ ಕೂಡುತ್ತಿತ್ತು, ಇನ್ನೂ ಸ್ವಲ್ಪ ಸರಿದರೆ ದಿವಾನನೇ ಹೋಗಿಬಿಡುತ್ತಿದ್ದ. ಹೀಗೆಯೇ ಒಂದು ದಿನ ಕಾಡಸಿದ್ದ ಎಂಬುವನು ಅಂಗಡಿಯ ಗಲ್ಲಾಪೆಟ್ಟಿಗೆಯ ಆಚೆ ನಿಂತು, ತಲೆಯನ್ನು ಅತ್ತ ಇತ್ತ ವಾಲಿಸಿ ಅವನನ್ನು ನೋಡಿದ್ದು. ರಾಯಬಾಗ ಕಡೆಯ ಮೂರ್ತಿ ಮಾಡುವವನು, ಪ್ಲಾಸ್ಟರು ಬಣ್ಣ ಎಲ್ಲ ಇವನಲ್ಲೇ ಒಯ್ಯುತ್ತಿದ್ದ. "ಸಾವ್ಕಾರ್ರ, ಒಂದೀಟ ಮಾರಿ ಕೊಡ್ರಿ. ಮ್ಯೂಸಿಯಂ ಕೆಲಸ ಹಿಡದೇನಿ. ಪಾಟೀಲನ ಕಳಾ ಐತಿ ನಿಮಗ." ಅಷ್ಟೇ. ಪಾಟೀಲನನ್ನು ಮಾಡುತ್ತೇನೆ ಎಂದು ಅವನು ಹೇಳಿರಲಿಲ್ಲ. ಕಳೆ ಇದೆ ಅಂದಿದ್ದ, ಕಳೆಯೇ ಸಾಕಾಗಿತ್ತು. ಹಿಂದಿನ ಗೋದಾಮಿನಲ್ಲಿ ಗೋಡೆಗೆ ಹಚ್ಚುವ ಪುಟ್ಟಿಯ ಚೀಲಗಳ ಮೇಲೆ ಅಂಗಾತ ಮಲಗಿ, ಮೂಗಿನಲ್ಲಿ ಎರಡು ಸ್ಟ್ರಾ ಇಟ್ಟುಕೊಂಡು, ಮುಖದ ತುಂಬ ಹಸಿ ಪ್ಲಾಸ್ಟರು ಹೊತ್ತು ಅವನು ಪಾಟೀಲನಾಗಲು ಕಾದ. ಹೊರಗೆ ಗಿರಾಕಿಯೊಬ್ಬ ಸಾವ್ಕಾರ್ರು ಎಲ್ಲಿ ಎಂದು ಕೇಳಿದ್ದು, ಬಾಬುಸಾಬ "ಒಳಗ ಒಣಗಾಕತ್ತಾರ್ರಿ" ಅಂದದ್ದು, ಗಿರಾಕಿ ಒಂದಿಷ್ಟೂ ಆಶ್ಚರ್ಯಪಡದೆ "ಹಂಗಾರ ನಾಳಿ ಬರ್ತೀನಿ" ಎಂದು ಹೋದದ್ದು ಎಲ್ಲ ಕೇಳಿಸುತ್ತಿತ್ತು. ಆಮೇಲೆ ಪ್ಲಾಸ್ಟರು ಬಿಸಿಯಾಗತೊಡಗಿತು. ಹೀಗೆ ಬಿಸಿಯಾಗುತ್ತದೆಂದು ಅದನ್ನು ವರ್ಷಾನುಗಟ್ಟಲೆ ಮಾರಿದವನಿಗೇ ಗೊತ್ತಿರಲಿಲ್ಲ. ಸುಡಾಕತ್ತೈತೋ ಎನ್ನಲು ತುಟಿ ತೆರೆಯುವಷ್ಟರಲ್ಲಿ ಅದು ಗಟ್ಟಿಯಾಗಿತ್ತು.

"ಬೀಗರ, ಇಲ್ಲೇ ಮನಿ ಮಾಡ್ತೀರೇನ?" ಎಂದು ಲಕ್ಷ್ಮಿಬಾಯಿ ಬಾಗಿಲಿನಿಂದ ಕೂಗಿದರು. "ನಮಗ ಪಾಟೀಲರ ಕಡೆ ಹೋಗೂದೈತಿ."

ಗಿರಣಿಯ ಶೆಡ್ಡು ಉದ್ದಕ್ಕಿತ್ತು; ಕತ್ತಲು, ನಡುನಡುವೆ ಹಳದಿ ದೀಪ, ಒದ್ದೆ ಸಿಮೆಂಟಿನ ವಾಸನೆ. ಹಗ್ಗ ಕಟ್ಟಿದ ದಾರಿಯ ಎರಡೂ ಬದಿಗೆ ಒಂದು ಇಡೀ ಹಳ್ಳಿ ಕೆಲಸ ಮಾಡುತ್ತ ನಿಂತುಬಿಟ್ಟಿತ್ತು. ಪಹರೆಯವನು ಕೂತಲ್ಲಿಂದಲೇ "ಪುಢೇ ಚಲಾ, ಹಾತ ಲಾವೂ ನಕಾ" ಎಂದು, ಏನನ್ನೂ ಮುಟ್ಟಗೊಡದೆ, ಎಲ್ಲರನ್ನೂ ಮುಂದೆ ದೂಡುತ್ತಿದ್ದ. ಮೊದಲನೆಯವನು ಕುಂಬಾರ. ತಿಗರಿಯ ಮೇಲೆ ಬಗ್ಗಿ, ಕೈಗೆ ಮಣ್ಣು ಮೆತ್ತಿಕೊಂಡು, ನೋಡುವವರ ಕಡೆಗೆ ಮುಖವೆತ್ತಿದ್ದ. ಅವನ ಮೂಗು ಎಡಕ್ಕೆ ಒಂದಿಷ್ಟು ವಾಲಿತ್ತು. ಬಾಯಿ ಅರ್ಧ ತೆರೆದಿತ್ತು, ಸುಡಾಕತ್ತೈತೋ ಎನ್ನುವವನಂತೆ.

ನೇಮಿನಾಥನ ಕೈ ತನ್ನ ಮೂಗಿಗೆ ಹೋಯಿತು. ಏಣಿಯಿಂದ ಬಿದ್ದಾಗ ವಾಲಿದ ಮೂಗು ವಾಲಿದಲ್ಲೇ ಇತ್ತು. ಹಾಗಾದರೆ ತಾನು ಇವನು. ಕುಂಬಾರ. ವಿಚಿತ್ರವೆಂದರೆ ಮೊದಲು ಅವನಿಗೆ ಹಗುರವಾಯಿತು. ಕುಂಬಾರನೇನು ಕಡಿಮೆಯಲ್ಲ, ಮಣ್ಣಿನ ಕೆಲಸ, ಪೂಜೆಗೆ ಬರುವ ಕೆಲಸ. ಪಾಟೀಲ ಅಂದದ್ದು ತನಗೆ ತಪ್ಪು ತಿಳಿದು ಎಂದರಾಯಿತು, ನಕ್ಕುಬಿಟ್ಟರಾಯಿತು. ಆ ನಗುವನ್ನು ಸಿದ್ಧಮಾಡಿಕೊಂಡು ಅವನು ಬೀಗರ ಕಡೆ ತಿರುಗಿದ. ಅವರು ಆಗಲೇ ಮುಂದೆ ಹೋಗಿದ್ದರು. ಅಲ್ಲಿ ಕ್ಷೌರಿಕನೊಬ್ಬ ಒಬ್ಬನ ಮೇಲ್ದುಟಿ ಬೋಳಿಸಲೆಂದು ಅವನ ಮೂಗನ್ನು ಎರಡು ಬೆರಳಲ್ಲಿ ಹಿಡಿದು ಮೇಲೆತ್ತಿದ್ದ. ಹಿಡಿಸಿಕೊಂಡವನು ನೇಮಿನಾಥ. ಹಿಡಿದವನೂ ನೇಮಿನಾಥ. ಮುಂದೆ ಗಾಣ ಹೊಡೆಯುವವನು ನೇಮಿನಾಥ, ಅವನ ಹಿಂದೆ ಬಳೆಗಾರ ನೇಮಿನಾಥ, ಬೀಸುವ ಕಲ್ಲಿನ ಮುಂದೆ ಹಸಿರು ಸೀರೆಯುಟ್ಟು, ಹಣೆಯ ತುಂಬ ಕುಂಕುಮವಿಟ್ಟುಕೊಂಡು, ಒಂದು ಕಾಲು ಚಾಚಿ ಕೂತವಳೂ ನೇಮಿನಾಥ. ಕಂಬಕ್ಕೆ ಕಟ್ಟಿಹಾಕಿದ ಕಳ್ಳ ನೇಮಿನಾಥ. ಅವನನ್ನು ಬೈಯಲು ನೆರೆದ ನಾಲ್ಕಾರು ಜನ, ಬೇರೆ ಬೇರೆ ಮುಂಡಾಸು ಸುತ್ತಿದ ನೇಮಿನಾಥರು. ಎಲ್ಲರ ಬಾಯೂ ಅರ್ಧ ತೆರೆದಿತ್ತು. ಇಡೀ ಊರು ಒಂದೇ ಕ್ಷಣದಲ್ಲಿ ಒಂದೇ ದೂರು ಹೇಳಲು ಹೊರಟು, ಹೇಳಲಾಗದೆ ನಿಂತಿತ್ತು. ಕಾಡಸಿದ್ದನಿಗೆ ಉದ್ಘಾಟನೆಯ ಗಡಿಬಿಡಿ ಇದ್ದಿರಬೇಕು. ಒಂದು ಅಚ್ಚು ಸಿಕ್ಕಿತ್ತು, ಅಷ್ಟರಲ್ಲೇ ಊರು ತುಂಬಿಸಿದ್ದ. ಕೊನೆಗೆ ಹೊಳೆಯ ದಂಡೆ ಎಂದು ನೀಲಿ ಬಣ್ಣ ಬಳಿದ ನೆಲದ ಪಕ್ಕದಲ್ಲಿ ಒಬ್ಬ ನಿಂತಿದ್ದ. ಮಂಡಿಯ ಮೇಲೆ ಎತ್ತಿ ಕಟ್ಟಿದ ಧೋತರ, ಕಂಕುಳಲ್ಲಿ ಬುಟ್ಟಿ. ಬಾಲ ಹಿಡಿದು ಎತ್ತಿದ ದೊಡ್ಡ ಮೀನೊಂದನ್ನು ಗಿರಾಕಿಯ ಮುಖದ ಹತ್ತಿರಕ್ಕೆ ಒಡ್ಡುತ್ತಿದ್ದ. ಮೀನಿಗೆ ಹಚ್ಚಿದ ಬೆಳ್ಳಿಬಣ್ಣ ತನ್ನ ಅಂಗಡಿಯದೇ ಎಂದು ನೇಮಿನಾಥ ಗುರುತಿಸಿದ.

ತನ್ನದು ಬಟಾಟೆ ಸಹ ಒಳಗೆ ಬಾರದ ಮನೆ. ಚಾತುರ್ಮಾಸದಲ್ಲಿ ಸೊಪ್ಪಿನ ಪಲ್ಯವನ್ನೂ ಬಿಡುವ ಬೀಗರು. ಅವನಿಗೆ ಕಿವಿ ಬಿಸಿಯಾಯಿತು. ಕಳ್ಳನಾದರೂ ಆಗಬಹುದಿತ್ತು; ಕಳ್ಳನಿಗೆ ಪಶ್ಚಾತ್ತಾಪವೆಂಬುದಿದೆ. ಈ ಮೀನಿನವನು ಎಷ್ಟು ಖುಷಿಯಲ್ಲಿದ್ದಾನೆ! ಹೀಗೆ ಅಂದುಕೊಂಡದ್ದಕ್ಕೆ ಮತ್ತೆ ನಾಚಿಕೆಯಾಯಿತು. ಉಗಾರದ ಪೇಟೆಯಲ್ಲಿ ದಿನಾಲೂ ಮಾತಾಡಿಸುವ, ತನ್ನಲ್ಲೇ ಮನೆಗೆ ಬಣ್ಣ ಒಯ್ದ ಮೀನಿನವನ ಮುಖದಲ್ಲಿ ತನ್ನ ಮೂಗಿದ್ದರೆ ಅವನೇನು ಬೇಡವೆನ್ನುತ್ತಿದ್ದನೇ? ಅನ್ನುತ್ತಿದ್ದನೇನೋ, ಯಾರಿಗೆ ಗೊತ್ತು. ಕಾಕಾಸಾಹೇಬರು ಮೀನಿನವನ ಎದುರು ನಿಂತರು. ಕೈ ಹಿಂದೆ, ಕತ್ತು ಮುಂದೆ. ಎಲ್ಲ ಚಿತ್ರಗಳಿಗೂ ಕೊಟ್ಟಷ್ಟೇ ಹೊತ್ತನ್ನು ಇದಕ್ಕೂ ಕೊಟ್ಟರು. ನೇಮಿನಾಥ ಕಣ್ಣು ಮುಚ್ಚಿದ.

"ಮೀನ ಖರೇ ಅನಸ್ತೈತಿ ನೋಡ್ರಿ," ಅಂದು ಕಾಕಾಸಾಹೇಬರು ಮುಂದೆ ನಡೆದರು.

ಅಷ್ಟೇ. ಲಕ್ಷ್ಮಿಬಾಯಿ ಮೂಗಿಗೆ ಸೆರಗು ಹಿಡಿದು ಸಿಮೆಂಟಿನ ವಾಸನೆ ತಪ್ಪಿಸಿಕೊಂಡು ಹೋದರು. ಮೇಘಾ ಬುಟ್ಟಿಯ ಹೆಣಿಗೆ ನೋಡಿದಳು. ಯಾರೂ ಮುಖ ನೋಡಿರಲಿಲ್ಲ. ಮುಖವನ್ನು ಅವರು ಮುಂದೆ ಪಾಟೀಲನಲ್ಲಿ ನೋಡಲಿಕ್ಕೆ ಇಟ್ಟುಕೊಂಡಿದ್ದರು.

"ಇಲ್ಲೆ ಅದಾರ ನೋಡ್ರಿ ಇವರು!" ಎಂದು ಸರಿತಾ ಎಲ್ಲರಿಗಿಂತ ಮುಂದೆ ಹೋಗಿ ಕೂಗಿದಳು.

ವಾಡೆಯ ಕಟ್ಟೆಯ ಮೇಲೆ, ಲೋಡಿಗೆ ಒರಗಿ, ಜರಿಪೇಟ ಸುತ್ತಿದ ಪಾಟೀಲ ಕೂತಿದ್ದ. ದುಂಡು ಮುಖ. ನೆಟ್ಟಗಿನ, ದಪ್ಪ ಮೂಗು. ಗದ್ದದಲ್ಲಿ ಗುಳಿ. ಎರಡು ಕಡೆಗೂ ತಿರುವಿದ ಹುರಿಮೀಸೆ. ಇಡೀ ಊರಿನಲ್ಲಿ ಬಾಯಿ ಮುಚ್ಚಿ ಕೂತವನು ಅವನೊಬ್ಬನೇ. ಮ್ಯೂಸಿಯಂಗೆ ಹಣ ಕೊಟ್ಟ ಯಾವನೋ ದಾನಿಯ ಮುಖವಿರಬೇಕು; ನೇಮಿನಾಥನದಂತೂ ಒಂದು ರೇಖೆಯೂ ಅಲ್ಲಿರಲಿಲ್ಲ. ಇದೀಗ ಸಿಕ್ಕಿಬೀಳುತ್ತೇನೆ, ಇದೀಗ.

"ಆಹಾ," ಅಂದರು ಕಾಕಾಸಾಹೇಬರು. ಪಾಟೀಲನನ್ನು ನೋಡಿದರು, ನೇಮಿನಾಥನನ್ನು ನೋಡಿದರು. "ಥೇಟ್ ನೀವ ಕುಂತಂಗ ಐತ್ರಿ ಬೀಗರ! ಏನ್ ಕೈಚಳಕ ರೀ ಅವಂದು!"

"ಕಣ್ಣ ನೋಡು, ಕಣ್ಣ," ಅಂದರು ಲಕ್ಷ್ಮಿಬಾಯಿ. "ನಾ ಹೊರಗಿಂದನ ಗುರ್ತ ಹಿಡದೆ."

ಮೇಘಾ ಅಪ್ಪನನ್ನು ಒಂದು ಕ್ಷಣ ನೋಡಿ ಮೊಬೈಲು ತೆಗೆದಳು. ಅವನನ್ನು ಹಗ್ಗದ ಈಚೆ, ಪಾಟೀಲನ ಪಕ್ಕಕ್ಕೆ ಬರುವಂತೆ ನಿಲ್ಲಿಸಿದರು. ಗದ್ದ ಎತ್ತರಿ, ಹ್ಞಾ, ಇನ್ನ ಸ್ವಲ್ಪ. ಕಾಕಾಸಾಹೇಬರೂ ತಮ್ಮ ಮೊಬೈಲಿನಲ್ಲಿ ಹೊಡೆದುಕೊಂಡು, ರಜೆ ಸಿಗದೆ ಬಸ್ತಾಕ್ಕೆ ಬಾರದ ಮಗ ಸಂದೇಶನಿಗೂ ನಿಪ್ಪಾಣಿಯ ನಂಟರಿಗೂ ನಿಂತಲ್ಲೇ ಕಳಿಸಿದರು. ಮುಗಿಯಿತು. ಗೆದ್ದೆ, ಎಂದುಕೊಂಡ ನೇಮಿನಾಥ. ಹೋಳಿಗೆ ಉಳಿಯಿತು. ಆದರೆ ಗೆದ್ದವನಿಗೆ ಆಗಬೇಕಾದದ್ದು ಅವನಿಗೆ ಆಗಲಿಲ್ಲ. ಕಟ್ಟಿಕೊಂಡ ಹೆಂಡತಿ, ಹೆತ್ತ ಮಗಳು, ಮುಖ ಓದುವ ಮುದುಕಿ, ಹೊತ್ತನ್ನು ತೂಗಿ ಕೊಡುವ ಬೀಗರು, ಇಷ್ಟು ಜನ ಇಡೀ ಊರಿನ ತನ್ನ ಮುಖಗಳ ನಡುವೆ ನಡೆದುಬಂದು, ಒಂದನ್ನೂ ಕಾಣದೆ, ಯಾವನೋ ದುಂಡುಮುಖದವನ ಮುಂದೆ ನಿಂತು ಇವನೇ ನೀನು ಅಂದಿದ್ದರು. ಹಾಗಾದರೆ ಇಷ್ಟು ವರ್ಷ ತಾಟಿನ ಎದುರು ಕೂತಾಗ, ಅಂಗಡಿಯಿಂದ ಬಂದಾಗ, ಹೆಂಡತಿ ಮಗಳು ನೋಡುತ್ತಿದ್ದದ್ದು ಯಾರನ್ನು? ಸುಳ್ಳು ಸಿಕ್ಕಿಬೀಳಲಿ ಎಂಬ ಆಸೆ ಇಷ್ಟು ಜೋರಾಗಿ ಬರಬಹುದೆಂದು ಅವನಿಗೆ ಗೊತ್ತಿರಲಿಲ್ಲ.

"ಅಲ್ರಿ," ಎಂದ. "ಅಲ್ಲಿ ಕ್ಷೌರಾ ಮಾಡಿಸ್ಕೊಳಾಕತ್ತಾನಲ್ರಿ, ಮೂಗ ಹಿಡದಾರ ನೋಡ್ರಿ, ಅಂವಾನೂ ನನ್ನಂಗ ಕಾಣ್ತಾನೇನೋ ಅನಸ್ತು. ಖರೇ ಅಂದ್ರ ನಾ ಅಂವನ ಇರಬೇಕ್ರಿ."

ಕಾಕಾಸಾಹೇಬರು ಮೈಯೆಲ್ಲ ಅಲುಗುವಂತೆ ನಕ್ಕರು.

"ನೋಡವ್ವಾ, ಪಾಟೀಲ ಆಗಿ ಕುಂತರೂ ಎಷ್ಟ ಸಂಕೋಚ ಐತಿ ಇವರಿಗೆ!"

"ದೊಡ್ಡವರ ಗುಣ ಹಂಗ," ಅಂದರು ಲಕ್ಷ್ಮಿಬಾಯಿ. "ನಮ್ಮ ಪುಣ್ಯಾ."

ನಿಜ ಹೇಳಿದ್ದಕ್ಕೆ ಅವನಿಗೆ ಇನ್ನೊಂದು ಸದ್ಗುಣ ಅಂಟಿಕೊಂಡಿತು. ಎಲ್ಲರೂ ಹೊರಬಾಗಿಲಿನ ಕಡೆ ಹೊರಟರು. ಅವನು ಹಿಂದೆ ಉಳಿದ. ಉಳಿದವನು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದ. ಪಹರೆಯವನು ಮೊಬೈಲಿನಲ್ಲಿ ಮುಳುಗಿದ್ದ. ಹೊಳೆಯ ದಂಡೆಯಲ್ಲಿ ದೀಪ ಕೆಟ್ಟು ಅರೆಗತ್ತಲಿತ್ತು. ನೇಮಿನಾಥ ಹಗ್ಗ ದಾಟಿ ಮೀನಿನವನ ಪಕ್ಕದಲ್ಲಿ ನಿಂತ. ಬರೀ ನಿಂತ. ಸಿಮೆಂಟಿನ ಭುಜ ತಂಪಾಗಿತ್ತು. ಇಬ್ಬರೂ ಒಂದೇ ಕಡೆ ನೋಡುತ್ತಿದ್ದರು. ಬಹಳ ದಿನದ ಮೇಲೆ ಯಾರೂ ಏನನ್ನೂ ಕೇಳದ ಜಾಗದಲ್ಲಿ ಬಂದು ನಿಂತಂತೆ ಅವನಿಗೆ ಅನ್ನಿಸಿತು. "ಬೀಗರ? ಓ ಬೀಗರ!" ಎಂದು ಕರೆಯುತ್ತ ಕಾಕಾಸಾಹೇಬರು ವಾಪಸು ಬಂದರು. ಮೂರು ಹೆಜ್ಜೆಯಷ್ಟು ಹತ್ತಿರಕ್ಕೆ ಬಂದರು, ಅವನ ಕಡೆಗೇ ನೋಡಿದರು, ಬುಟ್ಟಿಯನ್ನೂ ನೋಡಿದರು, ಹಾದು ಹೋದರು. ಕರೆಯುವ ದನಿ ಗಾಣದ ಕಡೆಗೆ ದೂರವಾಯಿತು. ನೇಮಿನಾಥನಿಗೆ ಅಳು ಬರಬೇಕಿತ್ತು, ನಗು ಬಂತು, ಅದನ್ನು ತಡೆಯಲು ಬಾಯಿ ಅರ್ಧ ತೆರೆದ.

"ಸಾಕ ಬರ್ರಿ," ಎಂದಿತು ಎದುರಿನ ಕತ್ತಲು. ಸರಿತಾ ಹಗ್ಗದ ಆಚೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು. "ಹೊತ್ತ ಇಳೀತು, ಉಣ್ಣಬೇಕು. ಬೀಗರ ಮುಂದ ಮೀನಿನ ಬುಟ್ಟಿ ಕಾಯಕೊಂಡ ನಿಂತ್ರ ಹೆಂಗ?"

"ನಿನಗ ಗೊತ್ತಾತೇನ?"

"ಕುಂಬಾರನ್ನ ನೋಡಿದ ಕೂಡಲೆ. ಹಲ್ಲ ನೋಯಾಕತ್ತಿದ್ರ ನೀವು ಹಂಗ ಬಾಯಿ ತಗೀತೀರಿ."

"ಮತ್ತ ಆ ದುಂಡಮಾರಿಯಾಂವನ್ನ ನಾನ ಅಂತ ಯಾಕ ಅಂದಿ?"

"ಅಂದಾವರು ನೀವು. ನಾ ಜಾಗಾ ತೋರಿಸಿದೆ ಅಷ್ಟ." ಅವಳು ಹಗ್ಗ ಎತ್ತಿ ಹಿಡಿದಳು, ಅವನು ಬಗ್ಗಿ ಹೊರಬಂದ. ಅವನ ಧೋತರದ ಧೂಳನ್ನು ಅವಳೇ ಕೊಡವಿದಳು. "ಬೀಸು ಕಲ್ಲಿನಾಕಿ ಮಾತ್ರ ನನಗ ಭಾಳ ಸೇರಿದ್ಲು. ಮನ್ಯಾಗ ಒಂದಿನ ನೀವು ಹಂಗ ಕುಂತಿದ್ರ ನಾನೂ ಗಾಡಿ ಮಾಡ್ಕೊಂಡ ನೋಡಾಕ ಬರ್ತಿದ್ದೆ."

ಗಿರಣಿಯ ಅಂಗಳದಲ್ಲಿ, ಬಿಸಿಲು ಚಿಮಣಿಯ ತುದಿಗೆ ಏರುವ ಮೊದಲು, ಬುತ್ತಿ ಬಿಚ್ಚಿದರು. ಚಪಾತಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನೇಮಿನಾಥ ಹಸಿದವನಂತೆ ಉಂಡ. ಕೈ ತೊಳೆದು ಗಾಡಿ ಹತ್ತಿ ನಿಪ್ಪಾಣಿಯ ದಾರಿ ಹಿಡಿದು ಸ್ವಲ್ಪ ದೂರ ಬಂದಿರಬೇಕು, ಕಾಕಾಸಾಹೇಬರ ಮೊಬೈಲು ಗುಣುಗಿತು. ಅವರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು.

"ಸಂದೇಶ ಬರದಾನ. ಮಾಮಾ ಭಾರಿ ಕಾಣತಾರ ಅಂತ. ಮೀಸಿ ಯಾವಾಗ ತಗಸಿದ್ರು ಅಂತ ಕೇಳ್ಯಾನ."

ಎಲ್ಲರೂ ನೇಮಿನಾಥನ ಕಡೆ ತಿರುಗಿದರು. ಖಲೀಲ ಕೂಡ ಕನ್ನಡಿಯಲ್ಲಿ. ಹೇಳಿಬಿಡಬೇಕು, ಅಂದುಕೊಂಡ ಅವನು. ನಾನು ಎಂದೂ ಮೀಸೆ ಬಿಟ್ಟವನಲ್ಲ, ನಾನು ಪಾಟೀಲನಲ್ಲ, ಉಳಿದವರೆಲ್ಲ ನಾನೇ. ಈ ಸಲ ನಂಬುತ್ತಾರೆ. ಮೀಸೆಯ ವಿಷಯದಲ್ಲಿ ಸಂಕೋಚ ನಡೆಯುವುದಿಲ್ಲ.

"ಹ್ವಾದ ದೀಪಾವಳಿಗಿ," ಅಂತು ಅವನ ಬಾಯಿ.

"ತಗಸಬಾರದಿತ್ತು," ಎಂದು ಲಕ್ಷ್ಮಿಬಾಯಿ ಖಂಡಿತವಾಗಿ ಹೇಳಿದರು. "ಮದುವಿಗೆ ಮತ್ತ ಬಿಡ್ರಿ. ಇನ್ನ ಎರಡ ತಿಂಗಳ ಐತಿ. ಬೀಗರಂದ್ರ ಹಂಗ ಕಾಣಸಬೇಕು."

"ಬಿಡಾಕ ಬೇಕ್ರಿ," ಕಾಕಾಸಾಹೇಬರು ನಕ್ಕರು. "ಫೋಟೋ ಎಲ್ಲಾರಿಗೂ ಹೋಗೇತಿ. ಮಂದಿ ಮಂಟಪದಾಗ ಮೀಸಿ ಹುಡಕ್ತಾರ."

ನೇಮಿನಾಥ ಹೆಂಡತಿಯ ಕಡೆ ನೋಡಿದ. ಅವಳು ಕಿಟಕಿಯಾಚೆಯ ಕಬ್ಬನ್ನು ನೋಡುತ್ತಿದ್ದಳು, ಭುಜಗಳು ನಗೆಗೆ ಅಲುಗುತ್ತಿದ್ದವು. ಅಪ್ಪನ ಮೀಸೆಯನ್ನು ಹುಟ್ಟಿದಾಗಿನಿಂದ ಕಂಡಿರದ ಮೇಘಾ ಮಾತ್ರ ಅವನನ್ನೇ, ಮೂಗಿನಿಂದ ಗದ್ದದವರೆಗೆ, ಬಿಡದೆ ನೋಡುತ್ತಿದ್ದಳು. ಆ ನೋಟದ ಕೆಳಗೆ ಅವನಿಗೆ ಮತ್ತೆ ಮುಖ ಬಿಸಿಯಾಯಿತು.

"ಹೌದಾಯೀ," ಎಂದಳು ಅವಳು ಕಡೆಗೆ, ಕಣ್ಣು ತೆಗೆಯದೆ. "ಪಪ್ಪಾಗ ಮೀಸಿ ಭಾಳ ಒಪ್ತಿತ್ತು."

ಗಾಡಿ ಹೆದ್ದಾರಿಯಿಂದ ನಿಪ್ಪಾಣಿಯ ಕಡೆ ಇಳಿಯಿತು. ನೇಮಿನಾಥ ಯಾರಿಗೂ ಕಾಣದಂತೆ ಬೆರಳೆತ್ತಿ ಮೇಲ್ದುಟಿಯನ್ನು ಮುಟ್ಟಿ ನೋಡಿಕೊಂಡ. ಬೆಳಿಗ್ಗೆ ನುಣ್ಣಗೆ ಬೋಳಿಸಿದ ಜಾಗದಲ್ಲಿ ಆಗಲೇ ಏನೋ ಸಣ್ಣಗೆ ಚುಚ್ಚುತ್ತಿತ್ತು.